ಪ್ರತಿಕ್ರಿಯೆ: ಬ್ಲೂ-ರೇ ಡಿಸ್ಕ್ ಮೇಲೆ ದುಂಡು ಗೀರು ಯಾಕೆ?

ದಾವಣಗೆರೆಯಲ್ಲಿ 3ಡಿ ಪ್ರಿಂಟ್ ಮಾಡಿಸಿದ ಪಿಎಲ್‌ಎ (ಪ್ರಿಂಟರ್‌ಗೆ ಬಳಸುವ ಒಂದು ಪ್ಲಾಸ್ಟಿಕ್) ಕಾರ್ಟ್ರಿಡ್ಜ್‌ನಲ್ಲಿ, ಅಂದರೆ ಡಿಸ್ಕ್ ಇಡುವ ಡಬ್ಬಿಯಲ್ಲಿ, ಇಟ್ಟ ಬ್ಲೂ-ರೇ ಡಿಸ್ಕ್‌ಗೆ ದುಂಡಗೆ ಗೀರು ಬೀಳ್ತಿದೆ, ಶಟರ್ (ಡಬ್ಬಿಯ ಜಾರುವ ಬಾಗಿಲು) ಸಿಕ್ಕಿಹಾಕಿಕೊಳ್ಳುತ್ತೆ ಅಂದಿರಿ. ತಪ್ಪು ಡಬ್ಬಿಯ ತಳದಲ್ಲಿದೆ. ಡಿಸ್ಕ್ ಪೂರ್ತಿ ಆ ತಳಕ್ಕೆ ಕೂತಿದೆ, ಪ್ರಿಂಟ್ ಪದರಗಳ ಏಣು ಅದನ್ನು ಉಜ್ಜುತ್ತಿದೆ. ಬ್ಲೂ-ರೇಯಲ್ಲಿ ದತ್ತಾಂಶದ ಪದರ ಮೇಲ್ಮೈಯಿಂದ 0.1 ಮಿ.ಮೀ. ಒಳಗಷ್ಟೇ ಇರುತ್ತದೆ (ಡಿವಿಡಿಯಲ್ಲಿ 0.6), ಹಾಗಾಗಿ ಗೀರು ಬೀಳದಂತೆ ನೋಡಿಕೊಳ್ಳಬೇಕು.

ಡಿಸ್ಕ್ ವ್ಯಾಸ 120 ಮಿ.ಮೀ., ದಪ್ಪ 1.2, ನಡುತೂತು 15. ಹಾಗಾಗಿ ಡಿಸ್ಕ್ ಕೂರುವ ಒಳಕುಳಿ 122.5 ಇರಲಿ, ನಡುತೂತಿಗೆ ಕೂರುವ ಗುಬ್ಬಿ 14.7. ಡಿಸ್ಕ್ ತಳಕ್ಕೆ ತಾಗದಂತೆ ಎತ್ತಿ ಹಿಡಿಯುವ ಆಸರೆ ಬಳೆ, ದತ್ತಾಂಶವಿಲ್ಲದ 22ರಿಂದ 33 ಮಿ.ಮೀ. ವ್ಯಾಸದೊಳಗೇ, ತಳದಿಂದ 0.8 ಎತ್ತರಕ್ಕೆ ಇರಲಿ. ಮುಚ್ಚಳದಲ್ಲೂ ಅಂಥದ್ದೇ ಬಳೆ ಕೊಡಿ, ಇಲ್ಲದಿದ್ದರೆ ಬೈಕಲ್ಲಿ ಒಯ್ಯುವಾಗ ಗಡಗಡ ಅನ್ನುತ್ತೆ. ಪ್ರಿಂಟರ್ ತೂತುಗಳನ್ನು ಕಿರಿದಾಗಿಸುತ್ತೆ. ಹಾಗಾಗಿ ಅಳತೆ ಸರಿಬರುತ್ತಾ ಅಂತ ಮೊದಲು ಬಳೆ ಭಾಗ ಮಾತ್ರ ಪ್ರಿಂಟ್ ಮಾಡಿ ನೋಡಿ.

ಶಟರ್ ಬಿಟ್ಟೇಬಿಡಿ. ಹಳೇ ಡಿವಿಡಿ-ರ‍್ಯಾಮ್ ಡ್ರೈವ್‌ಗಳು ಕಾರ್ಟ್ರಿಡ್ಜ್ ಸಮೇತ ನುಂಗುತ್ತಿದ್ದವು, ಶಟರ್ ಅದಕ್ಕಾಗಿ. ನೀವು ಹೇಗೂ ಡಿಸ್ಕ್ ಹೊರಗೆ ತೆಗೆದೇ ಡ್ರೈವ್‌ಗೆ ಹಾಕಬೇಕು. ಜಾರುವ ಶಟರ್ ಅಂದರೆ ದೂಳಿಗೆ ಸಂದು.

ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಸೊಟ್ಟಗಾದೀತು. ಬದಲಿಗೆ ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ ಬಳಸಿ. ಅಂಟು ಹಾಕಿದರೆ ಪೂರ್ತಿ ಆರಿದ ಮೇಲೇ ಡಿಸ್ಕ್ ಇಡಿ, ಸೂಪರ್ ಗ್ಲೂ ಆವಿ ಬಿಳಿ ಮಬ್ಬು ಹಿಡಿಸುತ್ತೆ.