ಸಂಘದ ಜಾಲತಾಣಕ್ಕೆ ಯಾವ ತಂತ್ರಾಂಶ?

ಪ್ರಶ್ನೆ: ನಮ್ಮ ಕೈಮಗ್ಗ ನೇಕಾರರ ಸಹಕಾರ ಸಂಘದ ಜಾಲತಾಣದಲ್ಲಿ ಒಂದು ಸೀರೆಯ ದರ ಬದಲಿಸಬೇಕಾದರೂ ಅದನ್ನು ಮಾಡಿಕೊಟ್ಟವರಿಗೇ ಫೋನ್ ಮಾಡಬೇಕಾಗಿದೆ. ಹೊಸದಾಗಿ ಮಾಡಿಸಲು ವಿಚಾರಿಸಿದರೆ ಒಬ್ಬರು ವರ್ಡ್‌ಪ್ರೆಸ್ ಎನ್ನುತ್ತಾರೆ, ಇನ್ನೊಬ್ಬರು ಡ್ರೂಪಲ್ ಎನ್ನುತ್ತಾರೆ. ಮೂರನೆಯವರು ತಾವೇ ಬರೆದ ತಂತ್ರಾಂಶವನ್ನು ಅಗ್ಗಕ್ಕೆ ಕೊಡುವುದಾಗಿ ಹೇಳುತ್ತಾರೆ. ಯಾವುದು ಸೂಕ್ತ?
– ಕಾರ್ಯದರ್ಶಿ, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಮೂರನೆಯದನ್ನು ಮೊದಲೇ ಕೈಬಿಡಿ. ಅದು ಚೆನ್ನಾಗಿಯೇ ಇರಬಹುದು; ಆದರೆ ಬರೆದವರು ಊರು ಬಿಟ್ಟರೆ ನಿಮ್ಮ ಇಂದಿನ ಫಜೀತಿಯೇ ಮತ್ತೆ ಎದುರಾಗುತ್ತದೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಮತ್ತು 2001ರಲ್ಲಿ ಬಂದ ಡ್ರೂಪಲ್ ಎರಡೂ ಮುಕ್ತ ತಂತ್ರಾಂಶಗಳು. ಇವುಗಳಿಗೆ ಪರವಾನಗಿ ಶುಲ್ಕವಿಲ್ಲ, ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಂದುವರಿಸಬಹುದು.

ನಿಮ್ಮಲ್ಲಿ ಪ್ರತಿ ಸೀರೆಗೂ ಒಡಲಿನ ನೂಲು, ದಡಿಯ ವಿನ್ಯಾಸ, ಸೆರಗು, ದರ, ಚಿತ್ರ ಇವುಗಳಿಗೆ ಬೇರೆ ಬೇರೆ ಖಾನೆಗಳಿರಬೇಕು; ಹಾಗಿದ್ದರೆ ಮಾತ್ರ ಗೋಮಿ ದಡಿಯ ಸೀರೆಗಳನ್ನಷ್ಟೇ ನೋಡಬಯಸುವ ಗ್ರಾಹಕರಿಗೆ ಅವುಗಳನ್ನು ಒಟ್ಟಿಗೆ ತೋರಿಸಲು ಸಾಧ್ಯ. ಇಂತಹ ಖಾನೆಗಳೂ ಕನ್ನಡ–ಇಂಗ್ಲಿಷ್ ಎರಡು ಭಾಷೆಗಳ ಪುಟಗಳೂ ಡ್ರೂಪಲ್‌ನ ಮೂಲದಲ್ಲೇ ಇವೆ, ವರ್ಡ್‌ಪ್ರೆಸ್‌ಗೆ ವೂಕಾಮರ್ಸ್, ಪಾಲಿಲ್ಯಾಂಗ್‌ನಂತಹ ಪ್ಲಗಿನ್‌ಗಳನ್ನು, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶಗಳನ್ನು, ಸೇರಿಸಬೇಕು. ಇಷ್ಟಾದರೂ ನಾನು ವರ್ಡ್‌ಪ್ರೆಸ್ ಎನ್ನುತ್ತೇನೆ. ಡ್ರೂಪಲ್ ನೋಡಿಕೊಳ್ಳಲು ನುರಿತವರು ಬೇಕು. ಅದರ 7ನೆಯ ಆವೃತ್ತಿಗೆ 2025ರ ಜನವರಿಯಲ್ಲಿ ಬೆಂಬಲ ನಿಂತಾಗ, ಅದರಲ್ಲೇ ಉಳಿದಿದ್ದ ತಾಣಗಳಿಗೆ ಹೊಸ ಆವೃತ್ತಿಗೆ ಹೋಗುವುದೆಂದರೆ ಬಹುಮಟ್ಟಿಗೆ ಮತ್ತೊಮ್ಮೆ ಕಟ್ಟಿದಂತೆಯೇ ಆಗಿತ್ತು. ನಿಮ್ಮಲ್ಲಿ ದರ ಬದಲಿಸುವವರು ಕಚೇರಿಯ ಗುಮಾಸ್ತರಲ್ಲವೇ? ಗುತ್ತಿಗೆ ಕೊಡುವ ಮೊದಲು ಅವರನ್ನೇ ಮಾದರಿ ತಾಣದ ಮುಂದೆ ಕೂರಿಸಿ, ಮೊಬೈಲಿನಿಂದ ಸೀರೆಯ ಚಿತ್ರ ಏರಿಸಲು, ದರ ತಿದ್ದಲು ಹೇಳಿರಿ. ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂಬುದನ್ನೂ ಆಗಲೇ ನೋಡಿರಿ, ಏಕೆಂದರೆ ಇಂಗ್ಲಿಷಿಗಾಗಿ ರೂಪಿಸಿದ ಎಷ್ಟೋ ಥೀಮ್‌ಗಳಲ್ಲಿ (ತಾಣದ ಸಿದ್ಧ ವಿನ್ಯಾಸಗಳಲ್ಲಿ) ಸಾಲುಗಳು ಇಕ್ಕಟ್ಟಾಗಿ ಒತ್ತುಗಳು ಕೆಳಸಾಲಿಗೆ ತಾಗುತ್ತವೆ.

ಸಂಘದ ಹಳೆಯ ಸುತ್ತೋಲೆಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿದ್ದರೆ ಅವನ್ನು ಹಾಗೆಯೇ ನಕಲು ಮಾಡಿ ಹಾಕಬೇಡಿ. ಓದುಗರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ, ಗೂಗಲ್ ಹುಡುಕಾಟದಲ್ಲೂ ಸಿಗುವುದಿಲ್ಲ. ಮೊದಲು ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಅರ್ಕಾವತ್ತುಗಳನ್ನು ಒಬ್ಬರು ಕಣ್ಣಿಟ್ಟು ತಿದ್ದಬೇಕು. ಈ ಕೆಲಸಕ್ಕೆ ಯಾರೂ ದರಪಟ್ಟಿಯಲ್ಲಿ ಹಣ ಹಾಕಿರುವುದಿಲ್ಲ, ಕೇಳಿ ಬರೆಸಿಕೊಳ್ಳಿ.

ಪ್ಲಗಿನ್‌ಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ವರ್ಡ್‌ಪ್ರೆಸ್ ತಾಣಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ನವೀಕರಿಸದೆ ಬಿಟ್ಟ ಪ್ಲಗಿನ್‌ಗಳ ಮೂಲಕವೇ. ಡೊಮೇನ್ (ತಾಣದ ವಿಳಾಸ) ಸಂಘದ ಹೆಸರಿನಲ್ಲೇ ನೋಂದಣಿಯಾಗಬೇಕು, ಅಡ್ಮಿನ್ ಪಾಸ್‌ವರ್ಡ್ ಸಂಘದ ಕೈಯಲ್ಲಿರಬೇಕು, ವಾರಕ್ಕೊಮ್ಮೆ ತೆಗೆದ ತಾಣದ ನಕಲು ಸರ್ವರ್‌ನ ಹೊರಗೂ ಉಳಿಯಬೇಕು ಎಂಬ ಷರತ್ತುಗಳನ್ನು ಕಾರ್ಯಾದೇಶದಲ್ಲೇ ಸೇರಿಸಿ, ಕೊನೆಯ ಕಂತನ್ನು ಇವೆಲ್ಲ ಕೈಗೆ ಬಂದ ಮೇಲೆ ಪಾವತಿಸಿರಿ.