ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿತ್ತಾಳೆಯ ಸೇರಿನಲ್ಲಿ ಕೃತಕ ಸಕ್ಯುಲೆಂಟ್

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿದೆ. ನಡುಮನೆಗೆ ಬಿಸಿಲು ಬೀಳುವುದೇ ಇಲ್ಲವಾದ್ದರಿಂದ ಅಲ್ಲಿಟ್ಟ ಸಕ್ಯುಲೆಂಟ್ ಗಿಡಗಳು ಎರಡು ಬಾರಿ ಕೊಳೆತುಹೋದವು. ಈಗ ಕೃತಕ ಗಿಡಗಳನ್ನು ತರಿಸಿದ್ದೇನೆ. ಅಟ್ಟದ ಮೇಲಿದ್ದ ಹಿತ್ತಾಳೆಯ ಸೇರು, ಮುಚ್ಚಳ ಒಡೆದ ಉಪ್ಪಿನಕಾಯಿ ಜಾಡಿ, ಗುಜರಿ ಅಂಗಡಿಯಿಂದ ತಂದ ಎನಾಮಲ್ ಟೀ ಕೆಟಲ್ ಇವುಗಳಲ್ಲಿ ಜೋಡಿಸಬೇಕೆಂದಿದ್ದೇನೆ. ಆದರೆ ಅಂಟಿನ ಗನ್ನಿನಿಂದ ಕೆಟಲ್‌ಗೆ ಅಂಟಿಸಿದ್ದ ಗಿಡಗಳು ಏಪ್ರಿಲ್ ತಿಂಗಳಲ್ಲಿ ಕಳಚಿಬಿದ್ದವು. ಉಳಿದವು ಆಟದ ಸಾಮಾನಿನಂತೆ ಕಾಣುತ್ತಿವೆ. ಸೇರನ್ನು ಇದಕ್ಕೆ ಬಳಸಲು ಅತ್ತೆಯವರು ಒಪ್ಪುತ್ತಿಲ್ಲ. ದಾರಿ ತಿಳಿಸಿ.
— ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯವರ ಆಕ್ಷೇಪದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ಪಾಲಿಸಲೇಬೇಕಾದ ನಿಯಮ ಅದರಲ್ಲೇ ಅಡಗಿದೆ. ಅಳತೆ ಮತ್ತು ತೂಕಗಳನ್ನು ಮೆಟ್ರಿಕ್ ಪದ್ಧತಿಗೆ ತಂದ ಕಾಯಿದೆ 1956ರಲ್ಲೇ ಬಂದರೂ ಸೇರು ನಮ್ಮ ಮನೆಗಳಿಂದ ಹೋಗಲಿಲ್ಲ. ಮದುವೆಯಾಗಿ ಬಂದ ಸೊಸೆ ಹೊಸ್ತಿಲ ಮೇಲೆ ಅಕ್ಕಿ ತುಂಬಿಟ್ಟ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುವ ಪದ್ಧತಿ ಇಂದಿಗೂ ಇದೆ. ಬಹುಶಃ ನೀವೂ ಅದೇ ಸೇರನ್ನು ಒದ್ದು ಆ ಮನೆ ಹೊಕ್ಕಿರಬಹುದು. ಅಂಥ ಪಾತ್ರೆಗೆ ಅಂಟು ಸುರಿಯುವುದು, ತೂತು ಕೊರೆಯುವುದು, ಬಣ್ಣ ಬಳಿಯುವುದು ಇವು ಮೂರೂ ಕೂಡದು. ಜೋಡಣೆಯೆಲ್ಲವೂ ಒಳಗಿನ ಇನ್ನೊಂದು ಡಬ್ಬದಲ್ಲಿರಬೇಕು, ಬೇಕೆಂದ ದಿನ ಅದನ್ನು ಒಂದೇ ಕೈಯಲ್ಲಿ ಮೇಲಕ್ಕೆತ್ತಿ ಸೇರನ್ನು ಅತ್ತೆಯವರ ಕೈಗೆ ಹಾಗೆಯೇ ಒಪ್ಪಿಸುವಂತಿರಬೇಕು. ಹೀಗೆಂದು ಹೇಳಿ ನೋಡಿ, ಅವರು ಒಪ್ಪುವರೆಂಬ ಭರವಸೆ ನನಗಿದೆ. ಒಪ್ಪದಿದ್ದರೆ ಸೇರನ್ನು ಬಿಟ್ಟುಬಿಡಿ, ಜಾಡಿ ಮತ್ತು ಕೆಟಲ್ ಸಾಕು.

ಕೃತಕ ಗಿಡಗಳ ಬಗ್ಗೆ ನನಗೆ ಮೊದಲು ಒಲವಿರಲಿಲ್ಲ. ಬಿಸಿಲು ಬೀಳುವ ಕಿಟಕಿಯಿದ್ದರೆ ಇಂದಿಗೂ ಲೋಳೆಸರವನ್ನೇ ನೆಡಿ ಎಂದು ಹೇಳುತ್ತೇನೆ. ಆದರೆ ಬೆಳಕಿಲ್ಲದ ನಡುಮನೆಯಲ್ಲಿ ಸಕ್ಯುಲೆಂಟ್ ಬದುಕುವುದಿಲ್ಲ. ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಈ ಗಿಡಗಳು ಮಬ್ಬುಗತ್ತಲಲ್ಲಿ ಮಣ್ಣಿನ ತೇವವನ್ನು ಬೇಗ ಹೀರಲಾರವು, ಬೇರು ತೇವದಲ್ಲೇ ನಿಂತು ಕೊಳೆಯುತ್ತದೆ. ನಿಮ್ಮಲ್ಲಿ ಆದದ್ದೂ ಅದೇ ಇರಬೇಕು. ಮೇಲಾಗಿ, ತಳದಲ್ಲಿ ತೂತಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಜೀವಂತ ಗಿಡ ನೆಟ್ಟರೆ ಗಿಡವೂ ಕೆಡುತ್ತದೆ, ಪಾತ್ರೆಯೂ ಕಿಲುಬು ಹಿಡಿಯುತ್ತದೆ. ಸೀಳು ಬಿಟ್ಟ ಜಾಡಿ, ತೂತಾದ ಕೆಟಲ್, ಸೊಟ್ಟಗಾದ ಚೊಂಬು ಇಂಥವಕ್ಕೆ ಕೃತಕ ಗಿಡವೇ ತಕ್ಕ ಜೊತೆ.

ಸೇರಿನೊಳಗೆ ಸಡಿಲವಾಗಿ ಇಳಿಯುವ ಪ್ಲಾಸ್ಟಿಕ್ ಡಬ್ಬವೊಂದನ್ನು ಹುಡುಕಿ, ಅದರ ಬಾಯಿ ಸೇರಿನ ಅಂಚಿಗಿಂತ ಅರ್ಧ ಇಂಚು ಕೆಳಗಿರುವಂತೆ ಕತ್ತರಿಸಿಕೊಳ್ಳಿ. ಹೊರತೆಗೆಯಲು ಅನುಕೂಲವಾಗುವಂತೆ ಡಬ್ಬದ ಅಡಿಯಿಂದ ಎರಡೂ ಬದಿಗೆ ಒಂದು ಹತ್ತಿಯ ಪಟ್ಟಿಯನ್ನು ಹಾಯಿಸಿ, ಅದರ ತುದಿಗಳನ್ನು ಮೇಲೆ ಮರಳಿನಲ್ಲಿ ಮರೆಮಾಡಿ. ತಳದಲ್ಲಿ ನಾಲ್ಕಾರು ಬೆಣಚುಕಲ್ಲು ಹಾಕಿದರೆ ತೂಕ ಬರುತ್ತದೆ. ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ, ಬೆರಳಿನಿಂದ ಒತ್ತಿದರೆ ತಗ್ಗದಷ್ಟು ಬಿಗಿಯಾಗಿ, ಮುಕ್ಕಾಲು ಭಾಗದವರೆಗೆ ತುರುಕಿ. ಅನೇಕರು ಇಲ್ಲಿ ಥರ್ಮೋಕೋಲ್ ಕೊಂಡು ತುಂಬುತ್ತಾರೆ, ಆದರೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಮಿಕ್ಸರ್ ಪೆಟ್ಟಿಗೆಯೊಳಗೆ ಬಂದ ತುಂಡು ಮನೆಯಲ್ಲಿ ಬಿದ್ದಿದ್ದರೆ ಎಸೆಯುವ ಬದಲು ಅದನ್ನು ಪತ್ರಿಕೆಯ ಪದರದ ಮೇಲೆ ಬಿಲ್ಲೆಯಂತೆ ಕೂರಿಸಿ, ದಬ್ಬಣದಿಂದ ತೂತು ಮಾಡಿ ಗಿಡದ ಕಡ್ಡಿಗಳನ್ನು ಚುಚ್ಚಿ. ತುಂಡಿಲ್ಲದಿದ್ದರೆ ದಪ್ಪ ರಟ್ಟಿನ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟರೂ ಕಡ್ಡಿ ಅಲುಗದೆ ನಿಲ್ಲುತ್ತದೆ. ಹಿಡಿತ ಸಾಲದಿದ್ದರೆ ಮರಕ್ಕೆ ಬಳಸುವ ಬಿಳಿ ಅಂಟಿನ ಒಂದು ಹನಿಯನ್ನು ಕಡ್ಡಿಯ ತುದಿಗೆ ಹಚ್ಚಿ. ಚರ್ಮ, ರೆಕ್ಸಿನ್ ಅಂಟಿಸುವ ಘಾಟು ವಾಸನೆಯ ಅಂಟು ಥರ್ಮೋಕೋಲನ್ನು ಕರಗಿಸಿಬಿಡುತ್ತದೆ, ಅದು ಬೇಡ.

ನಿಮ್ಮ ಕೆಟಲ್‌ನ ಗಿಡಗಳು ಕಳಚಿದ್ದಕ್ಕೆ ಕಾರಣ ನಿಮ್ಮ ಕೈಕೆಲಸದ ದೋಷವಲ್ಲ. ಗನ್ನಿನಿಂದ ಬರುವ ಅಂಟು, ಕಾಯಿಸಿದಾಗ ಕರಗಿ ತಣಿದಾಗ ಗಟ್ಟಿಯಾಗುವ ಒಂದು ಬಗೆಯ ಪ್ಲಾಸ್ಟಿಕ್. ಒರಟಾದ ಮೈಯ ಸಣ್ಣ ಸಂದುಗಳಲ್ಲಿ ಇಳಿದು ಕಚ್ಚಿಕೊಳ್ಳುವುದು ಅದರ ಗುಣ. ಎನಾಮಲ್ ಎಂದರೆ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜಿನ ಪದರವಾದ್ದರಿಂದ ಅಲ್ಲಿ ಕಚ್ಚಿಕೊಳ್ಳಲು ಸಂದೇ ಇಲ್ಲ, ಜೊತೆಗೆ ತಣ್ಣಗಿನ ಲೋಹ ಅಂಟನ್ನು ಹರಡುವ ಮೊದಲೇ ಗಟ್ಟಿಯಾಗಿಸುತ್ತದೆ. ಬೇಸಿಗೆಯಲ್ಲಿ ಪಾತ್ರೆ ಕಾದಾಗ ಉಳಿದ ಹಿಡಿತವೂ ಮೆತ್ತಗಾಗುತ್ತದೆ. ಕೆಟಲ್‌ಗೂ ಸೇರಿನ ಉಪಾಯವನ್ನೇ ಮಾಡಿ, ಆದರೆ ಬಾಯಿ ಕಿರಿದಾದುದರಿಂದ ಡಬ್ಬದ ಬದಲು ಹಳೆಯ ಬಟ್ಟೆಯ ಚೀಲವೊಂದನ್ನು ಒಳಗಿಳಿಸಿ ಅದರಲ್ಲಿ ಕಲ್ಲು, ಕಾಗದ ತುಂಬಿ. ಹಿಡಿಕೆಯ ಕಡೆ ಎತ್ತರದ ಒಂದು ಗಿಡವಿರಲಿ. ಮಣಿಸರದಂತೆ ಇಳಿಬೀಳುವ ಬಳ್ಳಿಯಿದ್ದರೆ ಅದನ್ನು ಮೂತಿಯ ಬದಿಗೆ ಬಿಡಿ.

ಆಟದ ಸಾಮಾನಿನಂತೆ ಕಾಣುತ್ತದೆ ಎಂದಿದ್ದೀರಿ. ಇದಕ್ಕೆ ಉತ್ತರ ಹುಡುಕಲು ಚಿತ್ರದುರ್ಗದ ಕಡೆಯ ಬಂಡೆಗಳನ್ನು ನೋಡಬೇಕು. ಅಲ್ಲಿ ಕಳ್ಳಿ ಬೆಳೆಯುವುದು ಬಂಡೆಯ ಯಾವುದೋ ಒಂದು ಸಂದಿನಲ್ಲಿ, ಒಂದು ಮಗ್ಗುಲಿಗೆ, ಸುತ್ತ ಬರಿಯ ಕಲ್ಲೇ ಹೆಚ್ಚು. ನಾವಾದರೋ ತಂದ ಗಿಡವನ್ನೆಲ್ಲ ಪಾತ್ರೆಯ ಅಂಚಿನವರೆಗೆ ಇಡುಕಿಬಿಡುತ್ತೇವೆ. ಮೇಲ್ಮೈಯ ಅರ್ಧದಷ್ಟನ್ನಾದರೂ ಕಲ್ಲು, ಮರಳಿಗೆ ಬಿಡಿ. ಸೇರಿನಂಥ ಸಣ್ಣ ಪಾತ್ರೆಗೆ ದೊಡ್ಡದೊಂದು, ಅದರ ಬುಡಕ್ಕೆ ಮರಿಯಂತೆ ಎರಡು ಚಿಕ್ಕವು ಸಾಕು. ಮೆಕ್ಸಿಕೋ ಮೂಲದ ಎಚೆವೇರಿಯ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಹಾವರ್ಥಿಯ ಬೇರೆ ಬೇರೆ ನಾಡಿನವಾದರೂ ಎರಡೂ ಒಣನೆಲದವು, ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಹೊಂದುತ್ತವೆ. ಅವುಗಳ ನಡುವೆ ಜರೀಗಿಡವನ್ನೋ ಆರ್ಕಿಡ್ ಹೂವನ್ನೋ ಸಿಕ್ಕಿಸಿದ ಕ್ಷಣ ಸುಳ್ಳು ಎದ್ದು ಕಾಣುತ್ತದೆ.

ಇನ್ನು ಹೊಳಪಿನ ಮಾತು. ಎಚೆವೇರಿಯದ ನಿಜವಾದ ಎಲೆಯ ಮೇಲೆ ಬೆರಳು ಸೋಕಿದರೆ ಅಳಿಸಿಹೋಗುವ ಮೇಣದಂಥ ಬಿಳಿಯ ಧೂಳು ಇರುತ್ತದೆ, ಪ್ಲಾಸ್ಟಿಕ್ ಎಲೆಗೆ ಅದಿಲ್ಲ. ಗಿಡವನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆಯಂಶ ತೆಗೆಯಿರಿ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಕುಂಚದಿಂದ ಹಚ್ಚಿ, ಅರೆ ಒಣಗಿದಾಗ ಬಟ್ಟೆಯಿಂದ ಒರೆಸಿಬಿಡಿ. ಎಲೆಗಳ ಬುಡದ ಸಂದಿನಲ್ಲಿ ಉಳಿಯುವ ತೆಳು ಬಿಳುಪು ಗಿಡದ ರೂಪವನ್ನೇ ಬದಲಿಸುತ್ತದೆ. ಬುಡದ ಒಂದೆರಡು ಎಲೆಗಳಿಗೆ ಮಾತ್ರ ಕಂದು ಬಣ್ಣ ಸವರಿ, ಏಕೆಂದರೆ ಈ ಗಿಡಗಳಲ್ಲಿ ಹೊಸ ಎಲೆ ನಡುವೆ ಹುಟ್ಟಿ ಹಳೆಯದು ಕೆಳಗೆ ಒಣಗುತ್ತದೆ.

ಹಿತ್ತಾಳೆಯನ್ನು ಹೊಸದರಂತೆ ಥಳಥಳಿಸುವ ಅಗತ್ಯವಿಲ್ಲ. ಹಸಿರು ಕಿಲುಬು ಇದ್ದರೆ ಹುಣಸೆಹಣ್ಣು, ಉಪ್ಪಿನಿಂದ ಉಜ್ಜಿ, ಉಪ್ಪಿನಂಶ ಉಳಿಯದಂತೆ ತೊಳೆದು ಕೂಡಲೇ ಒರೆಸಿ. ಬರಿಯ ಕಪ್ಪು ಕಂದು ಬಣ್ಣವನ್ನು ಹಾಗೆಯೇ ಬಿಡಿ, ಬೂದುಹಸಿರು ಎಲೆಗಳಿಗೆ ಅದಕ್ಕಿಂತ ಒಪ್ಪುವ ಬಣ್ಣ ನಾನು ಕಂಡಿಲ್ಲ. ಜಾಡಿಯ ಎಣ್ಣೆವಾಸನೆಗೆ ಸೀಗೆಪುಡಿ ಹಚ್ಚಿ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಟ್ಟರೆ ಸಾಕು.

ಪ್ರಶ್ನೆ: ಜೋಡಣೆ ಸಹಜವಾಗಿ ಕಾಣಲೆಂದು ಕೋಟೆಯ ಬಳಿಯಿಂದ ಕಲ್ಲುಚೂರು, ಜೋಗಿಮಟ್ಟಿಯಿಂದ ಒಣಗಿದ ಕಳ್ಳಿಯ ತುಂಡು ತರಬಹುದೇ?
— ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ದಯವಿಟ್ಟು ತರಬೇಡಿ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಸ್ಮಾರಕ, ಜೋಗಿಮಟ್ಟಿ ವನ್ಯಜೀವಿ ಧಾಮ. ಎರಡೂ ಕಡೆಯಿಂದ ಏನನ್ನೂ ಎತ್ತಿಕೊಂಡು ಬರುವಂತಿಲ್ಲ. ಹೊಲದ ಬದುವಿನ ಕಳ್ಳಿಯನ್ನು ಕಡಿಯುವುದಾದರೂ ಎಚ್ಚರವಿರಲಿ, ಅದರ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕಲ್ಲು ಬೇಕಿದ್ದರೆ ಮನೆ ಕಟ್ಟುವವರಲ್ಲಿ ಉಳಿದ ಜಲ್ಲಿಯನ್ನು ಒಂದು ಬೊಗಸೆ ಕೇಳಿ ತನ್ನಿ. ತೊಳೆದು, ಜರಡಿ ಹಿಡಿದು, ದಪ್ಪ ಮತ್ತು ಸಣ್ಣ ಚೂರುಗಳನ್ನು ಬೆರೆಸಿ ಹರಡಿ. ಒಂದೇ ಗಾತ್ರದ ಬಣ್ಣದ ಕಲ್ಲುಗಳಿಗಿಂತ ಇದು ನಮ್ಮ ಸೀಮೆಯ ನೆಲದಂತೆ ಕಾಣುತ್ತದೆ.

ಪ್ರಶ್ನೆ: ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಕೀಟನಾಶಕದ ಖಾಲಿ ಡಬ್ಬಗಳು ಬಹಳ ಬಿದ್ದಿವೆ. ತೊಳೆದು ಬಣ್ಣ ಹಚ್ಚಿ ಬಳಸಬಹುದೇ? ಹಳೆಯ ಬಣ್ಣದ ಕಬ್ಬಿಣದ ಟ್ರಂಕೂ ಒಂದಿದೆ.
— ರೈತರ ಮಗಳು, ಜಗಳೂರು

ಉತ್ತರ: ಕೀಟನಾಶಕದ ಡಬ್ಬವನ್ನು ಎಷ್ಟು ತೊಳೆದರೂ ಮನೆಯೊಳಗೆ ತರಬಾರದು. ಮೂರು ಬಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಬಳಿಕ ಡಬ್ಬಕ್ಕೆ ತೂತು ಹೊಡೆದು ಯಾರೂ ಬಳಸದಂತೆ ಮಾಡುವುದೇ ಸರಿಯಾದ ಕ್ರಮ. ಟ್ರಂಕನ್ನು ಬಳಸಬಹುದು, ಆದರೆ ಅದರ ಬಣ್ಣವನ್ನು ಉಜ್ಜಿ ತೆಗೆಯಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು, ಅದು ಮಕ್ಕಳಿಗೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಏಳುತ್ತಿರುವ ಚಕ್ಕೆಗಳ ಮೇಲೆ ಬಣ್ಣವಿಲ್ಲದ ವಾರ್ನಿಷ್ ಹಚ್ಚಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿಡಿ.

ಪ್ರಶ್ನೆ: ಬಾಲ್ಕನಿಯಲ್ಲಿಟ್ಟ ಕೃತಕ ಗಿಡಗಳು ವರ್ಷದೊಳಗೆ ನೀಲಿಗಟ್ಟಿ ಬಿರುಸಾದವು. ಧೂಳೂ ವಿಪರೀತ.
— ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಬಿಸಿಲಿನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕೆಡಿಸುತ್ತವೆ. ಹಸಿರಿನಲ್ಲಿ ಬೆರೆತ ಹಳದಿ ಮೊದಲು ಮಾಸಿದಾಗ ನೀಲಿಯಷ್ಟೇ ಉಳಿದಂತೆ ಕಾಣುತ್ತದೆ, ಅದನ್ನು ಸರಿಪಡಿಸಲಾಗದು. ಅಷ್ಟು ಬಿಸಿಲಿರುವ ನಿಮ್ಮ ಬಾಲ್ಕನಿ ಜೀವಂತ ಕಳ್ಳಿಗೆ ಹೇಳಿ ಮಾಡಿಸಿದ ಜಾಗ, ಕೃತಕ ಗಿಡಗಳನ್ನು ಒಳಗಿನ ನೆರಳಿಗೆ ತನ್ನಿ. ಧೂಳನ್ನು ವಾರಕ್ಕೊಮ್ಮೆ ಒಣ ಕುಂಚದಿಂದ ಕೊಡವಿ. ಪ್ಲಾಸ್ಟಿಕ್ ಎಲೆಗಳನ್ನು ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆಯಬಹುದು. ಬಟ್ಟೆಯ ಎಲೆಗಳನ್ನು ನೆನೆಸದೆ ಹಿಂಡಿದ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಒಂದೆರಡು ಪಾತ್ರೆ ಹೊರಗೇ ಉಳಿದರೆ, ಕೃತಕ ಗಿಡವೆಂದು ನಾವು ನೀರಿನ ಕಡೆ ಗಮನ ಕೊಡುವುದೇ ಇಲ್ಲ. ತೂತಿಲ್ಲದ ಆ ತಳದಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಟ್ಟರೆ ಒಂದು ವಾರದಿಂದ ಹತ್ತು ದಿನಗಳಲ್ಲಿ ಮರಿಗಳು ರೆಕ್ಕೆ ಬಲಿತು ಹಾರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಒಳಗಿನ ಡಬ್ಬವನ್ನು ಎತ್ತಿ, ಪಾತ್ರೆಯನ್ನು ಬೋರಲು ಹಾಕಿ, ಒರೆಸಿ ಒಣಗಿಸಿದ ಮೇಲೆಯೇ ಮತ್ತೆ ಜೋಡಿಸಿ.