ಎರೆ ಹೊಲ, ಹೊಳೆ ದಂಡೆ, ಗುಡ್ಡದ ನೆತ್ತಿ: ಟೆಂಟ್ ಎಲ್ಲಿ ಹಾಕಬೇಕು?

ದೀಪಾವಳಿ ಮುಗಿಯಿತೆಂದರೆ ಈ ಅಂಕಣಕ್ಕೆ ಟೆಂಟು, ಸ್ಲೀಪಿಂಗ್ ಬ್ಯಾಗು, ಗುಡ್ಡ ಹತ್ತುವುದು ಇವುಗಳ ಪ್ರಶ್ನೆಗಳೇ ಬರುತ್ತವೆ. ಹೆಚ್ಚಿನವರು ಕೇಳುವುದು ಏನು ಕೊಳ್ಳಬೇಕು ಅಂತ. ನನ್ನ ಪ್ರಕಾರ ಎಲ್ಲಿ ಮಲಗಬೇಕು ಅನ್ನುವುದೇ ಮೊದಲ ಪ್ರಶ್ನೆ. ಜಾಗ ಸರಿ ಇದ್ದರೆ ಅರ್ಧ ಸಾಮಾನು ಬೇಕಾಗುವುದೇ ಇಲ್ಲ.

ಪ್ರಶ್ನೆ: ಸರ್, ನಾವು ನಾಲ್ಕು ಜನ ಗೆಳೆಯರು ಆನ್‌ಲೈನ್‌ನಲ್ಲಿ ಟೆಂಟ್ ತರಿಸಿ, ಅಣ್ಣಿಗೇರಿ ಹತ್ತಿರ ಒಬ್ಬ ಗೆಳೆಯನ ಹೊಲದಲ್ಲಿ ಹಾಕಿದ್ವಿ. ರಾತ್ರಿ ಅರ್ಧ ತಾಸು ಮಳೆ ಬಂತು. ಗೂಟ ಕಿತ್ತು ಬಂದವು, ಕೆಳಗಿನಿಂದ ನೀರು ಬಂತು, ಚಪ್ಪಲಿಗೆ ಕೆಜಿಗಟ್ಟಲೆ ಕೆಸರು ಹತ್ತಿತು. ಚೀಲದ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದೆ. ವಾಪಸ್ ಕಳಿಸಬಹುದಾ? (ವಿದ್ಯಾನಗರ, ಹುಬ್ಬಳ್ಳಿ)

ಕಳಿಸಬೇಡಿ. ತಪ್ಪು ಟೆಂಟಿನದಲ್ಲ, ಮಣ್ಣಿನದು. ಅಣ್ಣಿಗೇರಿ, ನವಲಗುಂದ ಅಂದರೆ ಅಪ್ಪಟ ಎರೆ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆಗ ಗೂಟ ಹೊಡೆದರೆ ಅದಕ್ಕೆ ಹಿಡಿತವೇ ಇರುವುದಿಲ್ಲ. ಮಳೆ ಬಿದ್ದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮೇಲಿನ ನೀರು ಕೆಳಗೆ ಇಳಿಯದೆ ನಿಂತಲ್ಲೇ ನಿಲ್ಲುತ್ತದೆ. ಬೆಳೆಗೆ ಇಷ್ಟು ಒಳ್ಳೆಯ ಮಣ್ಣು ಬೇರೆ ಇಲ್ಲ, ಮಲಗುವುದಕ್ಕೆ ಇಷ್ಟು ಕೆಟ್ಟದ್ದೂ ಇಲ್ಲ.

ನಿಮಗೆ ಬೇಕಾದದ್ದು ಮಸಾರಿ (ಕೆಂಪು ಮಣ್ಣು) ಅಥವಾ ಗರಸು (ಸಣ್ಣ ಕಲ್ಲು ಬೆರೆತ) ನೆಲ. ಧಾರವಾಡದಿಂದ ಕಲಘಟಗಿ ಕಡೆಗೆ, ಇಲ್ಲವೇ ಶಿರಹಟ್ಟಿ, ಮುಂಡರಗಿ ಕಡೆಯ ಗುಡ್ಡದ ಬುಡದಲ್ಲಿ ಅಂಥ ಜಾಗ ಬೇಕಾದಷ್ಟು ಸಿಗುತ್ತವೆ. ಅನುಮಾನ ಬಂದರೆ ಒಂದು ಚೊಂಬು ನೀರು ಸುರಿದು ನೋಡಿ. ಐದು ನಿಮಿಷದಲ್ಲಿ ಇಂಗಿದರೆ ಟೆಂಟ್ ಬಿಚ್ಚಿ. ಮಡುವಾಗಿ ನಿಂತರೆ ಮುಂದೆ ನಡೆಯಿರಿ. ಎರೆಯೇ ಗತಿ ಅಂತಾದರೆ ಹೊಲದ ಮಧ್ಯೆ ಬೇಡ, ಸ್ವಲ್ಪ ಎತ್ತರ ಇರುವ ಬದುವಿನ ಪಕ್ಕದ ಗಟ್ಟಿ ಜಾಗ ನೋಡಿ. ಇನ್ನೊಂದು ಮಾತು, ಸಿಟ್ಟಾಗಬೇಡಿ. ಹಸಿ ಎರೆ ಹೊಲವನ್ನು ತುಳಿದರೆ ಮಣ್ಣು ಗಟ್ಟಿಯಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತು. ಗೆಳೆಯ ಸುಮ್ನೆ ಇರಬಹುದು, ಅವನ ಅಪ್ಪ ಸುಮ್ನೆ ಇರುವುದಿಲ್ಲ.

ಗೂಟದ ವಿಷಯ. ಟೆಂಟಿನ ಜೊತೆ ಬರುವ ತಂತಿಯಂಥ ಗೂಟಗಳು ಗಟ್ಟಿ ನೆಲಕ್ಕೆ ಮಾತ್ರ ಸರಿ. ನೆಟ್ಟಗೆ ಹೊಡೆಯಬೇಡಿ. ಗೂಟದ ತಲೆ ಟೆಂಟಿನಿಂದ ಆಚೆ ವಾಲಿರಬೇಕು, ಮೊನೆ ಟೆಂಟಿನ ಕಡೆ ಇರಬೇಕು. ಆಗ ಹಗ್ಗ ಎಳೆದಷ್ಟೂ ಗೂಟ ಮಣ್ಣನ್ನು ಒತ್ತಿ ಹಿಡಿಯುತ್ತದೆ. ಮಣ್ಣು ಸಡಿಲ ಇದ್ದರೆ ಖಾಲಿ ಸಿಮೆಂಟ್ ಚೀಲದಲ್ಲಿ ಮಣ್ಣು ತುಂಬಿ, ಹಗ್ಗ ಕಟ್ಟಿ, ಒಂದು ಅಡಿ ಆಳದಲ್ಲಿ ಹೂಳಿ. ಎಂಥ ಗಾಳಿಗೂ ಜಗ್ಗುವುದಿಲ್ಲ.

ಕೆಳಗಿನಿಂದ ನೀರು ಬಂದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಟೆಂಟಿನ ಕೆಳಗೆ ತಾಡಪತ್ರಿ ಹಾಸಿ, ಅದರ ಅಂಚು ಹೊರಗೆ ಚಾಚುವಂತೆ ಬಿಟ್ಟಿದ್ದಿರಾ? ಎಲ್ಲರೂ ಹಾಗೇ ಮಾಡುತ್ತಾರೆ. ಮೇಲಿನ ಹೊದಿಕೆಯಿಂದ ಇಳಿದ ಮಳೆನೀರು ನೇರ ಆ ಅಂಚಿನ ಮೇಲೆ ಬಿದ್ದು, ಟೆಂಟಿನ ತಳ ಮತ್ತು ತಾಡಪತ್ರಿಯ ನಡುವೆ ಸೇರಿಕೊಳ್ಳುತ್ತದೆ. ನೀವು ಅದರ ಮೇಲೆ ಮಲಗಿರುತ್ತೀರಿ. ತಾಡಪತ್ರಿ ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಒಳಗೇ ಇರಲಿ. ಜಾಸ್ತಿ ಇದ್ದರೆ ಕೆಳಮುಖವಾಗಿ ಮಡಚಿ.

ವಾಟರ್‌ಪ್ರೂಫ್ ಅನ್ನುವ ಪದ ನೋಡಿ ಕೊಳ್ಳಬೇಡಿ, ಪಕ್ಕದ ಅಂಕಿ ನೋಡಿ. 1000 ಎಂಎಂ ಅಂತ ಇದ್ದರೆ ಒಂದು ಮೀಟರ್ ಎತ್ತರದ ನೀರು ನಿಂತರೆ ಆಗುವ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಅಂತ ಅರ್ಥ. ಮೇಲಿನ ಹೊದಿಕೆಗೆ 1500ರಿಂದ 2000 ಸಾಕು. ತಳಕ್ಕೆ 3000 ಇರಲಿ, ಯಾಕಂದರೆ ಮೊಣಕಾಲು ಊರಿದ ಕಡೆ ಒತ್ತಡ ಬಹಳ ಬೀಳುತ್ತದೆ. ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರಾ ಅಂತ ಒಳಗಿನಿಂದ ನೋಡಿ. ಮನೆಯ ಟೆರೇಸ್ ಮೇಲೆ ಹಾಕಿ, ಪೈಪಿನಿಂದ ಹತ್ತು ನಿಮಿಷ ನೀರು ಹೊಡೆದು ಪರೀಕ್ಷೆ ಮಾಡಿದರೆ ಅಣ್ಣಿಗೇರಿವರೆಗೆ ಹೋಗಿ ತೋಯಿಸಿಕೊಳ್ಳುವುದು ತಪ್ಪುತ್ತದೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಗಳಗನಾಥಕ್ಕೆ ಹೋಗಿ, ಹೊಳೆ ದಂಡೆಯಲ್ಲೇ ಟೆಂಟ್ ಹಾಕಿ ಮಲಗಿದ್ದೆವು. ಮಳೆ ಇರಲಿಲ್ಲ, ಆದರೂ ಬೆಳಿಗ್ಗೆ ಟೆಂಟಿನ ಒಳಗೆಲ್ಲ ನೀರು. ಮೇಲೆ ಎರಡು ಕೌದಿ ಹೊದ್ದರೂ ಬೆನ್ನು ಕೊರೆಯುವ ಚಳಿ. ಒಳಗೆ ಶಗಡಿ ಇಟ್ಟುಕೊಳ್ಳಬಹುದಾ? (ಹಾವೇರಿ)

ಮೊದಲು ಶಗಡಿ. ಬೇಡವೇ ಬೇಡ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಜಿಪ್ ಸ್ವಲ್ಪ ತೆರೆದಿಟ್ಟರೆ ನಡೆಯುತ್ತದೆ ಅನ್ನುವುದೂ ಸುಳ್ಳು. ಗ್ಯಾಸ್ ಒಲೆಗೂ ಇದೇ ಮಾತು.

ಇನ್ನು ನೀರು. ಅದು ನಿಮ್ಮದೇ ಉಸಿರು. ಮೂರು ನಾಲ್ಕು ಜನ ರಾತ್ರಿಯಿಡೀ ಉಸಿರಾಡಿದರೆ ಅದರ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಚಳಿ ಅಂತ ಕಿಟಕಿ, ಬಾಗಿಲು, ಗಾಳಿಕಿಂಡಿ ಎಲ್ಲ ಬಿಗಿಯಾಗಿ ಮುಚ್ಚಿದಷ್ಟೂ ಇದು ಜಾಸ್ತಿ. ಮೇಲಿನ ಗಾಳಿಕಿಂಡಿ ತೆರೆದೇ ಇರಲಿ. ಸೊಳ್ಳೆ ಜಾಲರಿ ಮುಚ್ಚಿ, ಅದರ ಹೊರಗಿನ ಬಟ್ಟೆಯನ್ನು ಒಂದು ಗೇಣು ಇಳಿಸಿಡಿ. ಹೊರಗಿನ ಹೊದಿಕೆಯನ್ನು ಗೂಟಕ್ಕೆ ಎಳೆದು ಕಟ್ಟಿ ಒಳಗಿನದಕ್ಕೆ ತಾಗದಂತೆ ನೋಡಿಕೊಳ್ಳಿ.

ವರದಾ ಬಂದು ತುಂಗಭದ್ರೆಯನ್ನು ಸೇರುವ ಜಾಗ ಗಳಗನಾಥ. ಸಂಜೆ ಹೊತ್ತಿಗೆ ಗಳಗೇಶ್ವರನ ಗುಡಿಯ ಹಿಂದೆ ಕೂತರೆ ಏಳಲು ಮನಸ್ಸಾಗುವುದಿಲ್ಲ, ನಿಜ. ಆದರೆ ರಾತ್ರಿ ತಂಪು ಗಾಳಿ ಭಾರವಾಗಿ ಕೆಳಗಿಳಿದು ಹೊಳೆ ದಂಡೆಯಲ್ಲೇ ಸೇರುತ್ತದೆ. ಇಬ್ಬನಿಯೂ ಅಲ್ಲೇ ಜಾಸ್ತಿ. ಐವತ್ತು ಅರವತ್ತು ಹೆಜ್ಜೆ ಹಿಂದೆ, ಒಂದೆರಡು ಆಳು ಎತ್ತರದ ದಿಬ್ಬದ ಮೇಲೆ ಹಾಕಿದರೆ ಚಳಿಯಲ್ಲಿ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಮೇಲೆ ಅಣೆಕಟ್ಟುಗಳಿರುವ ಹೊಳೆ, ರಾತ್ರಿ ನೀರು ಏರಬಹುದು ಅನ್ನುವುದೂ ತಲೆಯಲ್ಲಿರಲಿ.

ಬೆನ್ನು ಕೊರೆದದ್ದು ಮೇಲಿನ ಚಳಿಗೆ ಅಲ್ಲ, ನೆಲದ ಚಳಿಗೆ. ನೀವು ಹೊದೆಯುವುದರ ಬಗ್ಗೆ ಯೋಚಿಸಿದಿರಿ, ಹಾಸುವುದರ ಬಗ್ಗೆ ಅಲ್ಲ. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ಇದೇ ಕೌದಿಯಲ್ಲಿ ಬೆಚ್ಚಗೆ ಮಲಗುತ್ತಾರೆ. ಯಾಕಂದರೆ ಅವರು ನೆಲದಿಂದ ಮೂರು ಅಡಿ ಮೇಲೆ, ಹುಲ್ಲಿನ ಮೇಲೆ ಮಲಗಿರುತ್ತಾರೆ. ನೆಲದ ಮೇಲೆ ಮಲಗಿದಾಗ ಮೈಯ ಭಾರಕ್ಕೆ ಕೌದಿಯ ಅರಳೆ ಬಟ್ಟೆಯೆಲ್ಲ ಒತ್ತಿಹೋಗಿ ಅದರೊಳಗಿನ ಗಾಳಿ ಹೊರಬೀಳುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ದುಬಾರಿ ಸ್ಲೀಪಿಂಗ್ ಬ್ಯಾಗಿನ ಕೆಳಭಾಗಕ್ಕೂ ಇದೇ ಗತಿ. ಗಾಳಿ ತುಂಬುವ ಸಾದಾ ಹಾಸಿಗೆ ಮೆತ್ತಗಿರುತ್ತದೆ, ಅಷ್ಟೇ. ಅದರೊಳಗಿನ ಗಾಳಿಯೇ ತಣ್ಣಗಾಗಿ ಬೆನ್ನಿಗೆ ತಾಗುತ್ತದೆ. ಒಂದು ಬೆರಳು ದಪ್ಪದ ಗಟ್ಟಿ ಫೋಮ್ ಶೀಟ್ ಇದಕ್ಕಿಂತ ಎಷ್ಟೋ ಮೇಲು.

ಇಲ್ಲವೇ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಮೆಡ್ಲೇರಿ ಕಂಬಳಿ. ಒಂದು ಕೆಳಗೆ, ಒಂದು ಮೇಲೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಹಸಿ ಅನ್ನಿಸುವುದಿಲ್ಲ. ಅರಳೆಯ ಕೌದಿ ಇಬ್ಬನಿಗೆ ತೊಯ್ದರೆ ಮಾತ್ರ ತಂಪಾಗಿ, ಭಾರವಾಗಿ, ಮಧ್ಯಾಹ್ನದವರೆಗೂ ಒಣಗುವುದಿಲ್ಲ. ನೇಕಾರರು ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರಾದ್ದರಿಂದ ಹೊಸ ಕಂಬಳಿ ಬಿರುಸಾಗಿ ಚುಚ್ಚುತ್ತದೆ. ಆ ಗಂಜಿಯಿಂದಲೇ ಮಳೆಹನಿ ಕೂಡಲೇ ಒಳಗಿಳಿಯುವುದಿಲ್ಲ. ಕುರಿ ಕಾಯುವವರು ಕಂಬಳಿಯನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಮಳೆಯಲ್ಲಿ ನಿಲ್ಲುವುದು ಇದೇ ಧೈರ್ಯದಲ್ಲಿ. ಮೈಗೆ ಒಂದು ತೆಳು ಚಾದರ ಸುತ್ತಿಕೊಂಡು ಅದರ ಮೇಲೆ ಕಂಬಳಿ ಹೊದೆಯಿರಿ. ಭಾರ ಅನ್ನುವುದೊಂದೇ ತಕರಾರು. ಕಾರಿನಲ್ಲಿ ಹೋಗುವವರಿಗೆ ಅದು ತಕರಾರೇ ಅಲ್ಲ.

ಪ್ರಶ್ನೆ: ಕಾಲೇಜಿನ ನಾವು ಎಂಟು ಜನ ಬರುವ ಹುಣ್ಣಿಮೆಗೆ ಕಪ್ಪತಗುಡ್ಡದ ಮೇಲೆ ಟೆಂಟ್ ಹಾಕಿ, ಕ್ಯಾಂಪ್ ಫೈರ್ ಮಾಡಬೇಕು ಅಂತಿದ್ದೇವೆ. ಊಟ, ನೀರು ಎಷ್ಟು ಒಯ್ಯಬೇಕು? (ಗದಗ)

ಟೆಂಟೂ ಬೇಡ, ಬೆಂಕಿಯೂ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅನುಮತಿ ಇಲ್ಲದೆ ಒಳಗೆ ತಂಗಿದರೂ, ಬೆಂಕಿ ಹಚ್ಚಿದರೂ ಕೇಸ್ ಆಗುತ್ತದೆ. ಕೇಸಿನ ಮಾತು ಬಿಡಿ. ಡಿಸೆಂಬರ್ ಹೊತ್ತಿಗೆ ಅಲ್ಲಿನ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಗದಗ ಸುತ್ತ ಅಷ್ಟೊಂದು ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಅಂತ ಯೋಚಿಸಿದರೆ, ಆ ಗಾಳಿಯಲ್ಲಿ ಒಂದು ಕಿಡಿ ಎಲ್ಲಿಯವರೆಗೆ ಹೋಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ ಅದು. ಚಿರತೆ, ಕತ್ತೆಕಿರುಬ, ತೋಳ ಇರುವ ಜಾಗವೂ ಹೌದು.

ಹೀಗೆ ಮಾಡಿ. ಹಿಂದಿನ ದಿನ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ, ಹಗಲು ಹತ್ತಲು ಒಪ್ಪಿಗೆ ಪಡೆಯಿರಿ. ರಾತ್ರಿ ಡಂಬಳದಲ್ಲೋ ಡೋಣಿಯಲ್ಲೋ ಪರಿಚಯದವರ ಮನೆ, ಹೊಲದಲ್ಲಿ ಉಳಿಯಿರಿ. ಸಂಜೆ ಹೊತ್ತಿದ್ದರೆ ಡಂಬಳದ ದೊಡ್ಡಬಸಪ್ಪನ ಗುಡಿ ನೋಡಿ. ನಕ್ಷತ್ರದಾಕಾರದ ಗೋಡೆಯ ಮೂಲೆಗಳ ಲೆಕ್ಕ ಹಾಕುತ್ತ ಒಂದು ಸುತ್ತು ಬಂದರೆ ಲೆಕ್ಕ ತಪ್ಪದೇ ಇರುವುದಿಲ್ಲ. ಬೆಳಿಗ್ಗೆ ಬೇಗ ಹತ್ತಿ, ಹನ್ನೊಂದರೊಳಗೆ ಇಳಿಯಿರಿ.

ನೀರು ಒಬ್ಬರಿಗೆ ಹಗಲಿಗೇ ಮೂರು ಲೀಟರ್. ಗುಡ್ಡದ ಹಳ್ಳ ನಂಬಿಕೊಳ್ಳಬೇಡಿ, ಚಳಿಗಾಲ ದಾಟುವ ಹೊತ್ತಿಗೆ ಬತ್ತಿರುತ್ತವೆ. ಕೆರೆ ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ಮುಂಡರಗಿ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗುವುದಿಲ್ಲ. ಒಂದು ದಿನಕ್ಕೆ ಏನೂ ಆಗುವುದಿಲ್ಲ, ಆದರೂ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳುವುದು ಹತ್ತು ರೂಪಾಯಿ ಕೆಲಸ ಅಲ್ವಾ?

ಬುತ್ತಿ ವಿಷಯದಲ್ಲಿ ನಮ್ಮ ಕಡೆಯವರಿಗೆ ಹೇಳಿಕೊಡುವುದು ಏನಿದೆ? ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮೇಲೆ ಒಂದು ಅಂಟಿನುಂಡಿ. ಒಲೆ ಬೇಡ, ಪಾತ್ರೆ ತೊಳೆಯುವ ನೀರೂ ಬೇಡ. ನೂಡಲ್ಸ್ ಪೊಟ್ಟಣ ಹೊತ್ತವರು ಅದಕ್ಕೆ ಬೇಕಾದ ನೀರನ್ನೂ ಹೊರಬೇಕು. ರೊಟ್ಟಿ ಮುರಿದು ಪುಡಿಯಾಗದಂತೆ ಸ್ಟೀಲ್ ಡಬ್ಬಿಯಲ್ಲಿಡಿ.

ಪ್ರಶ್ನೆ: ಮಗ ವಾರಕ್ಕೊಮ್ಮೆ ಗೆಳೆಯರ ಜೊತೆ ಹೊಲದಲ್ಲಿ ಟೆಂಟ್ ಹಾಕುತ್ತಾನೆ. ನನಗೆ ಹಾವಿನದೇ ಚಿಂತೆ. ಸುತ್ತ ಫಿನೈಲ್ ಹಾಕಿದರೆ, ಬೆಳ್ಳುಳ್ಳಿ ಜಜ್ಜಿ ಇಟ್ಟರೆ ಹಾವು ಬರುವುದಿಲ್ಲವೇ? (ಸಪ್ತಾಪುರ, ಧಾರವಾಡ)

ಅಮ್ಮಾ, ಎರಡೂ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವುದು ಜಿಪ್. ಒಳಗೆ ಹೋದಾಗಲೂ ಹೊರಗೆ ಬಂದಾಗಲೂ ಜಾಲರಿಯ ಜಿಪ್ ಪೂರ್ತಿ ಹಾಕಲಿ. ಕಟ್ಟುಹಾವು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು ಶುರುವಾದಾಗ ತಿಳಿಯುತ್ತದೆ. ಮುಚ್ಚಿದ ಟೆಂಟ್ ಇದಕ್ಕೆ ಒಳ್ಳೆಯ ರಕ್ಷಣೆ. ಬಣವಿ, ಕಲ್ಲಿನ ಗುಪ್ಪೆ, ಹಾಳು ಬಾವಿ ಇವುಗಳ ಹತ್ತಿರ ಹಾಕುವುದು ಬೇಡ, ಅಲ್ಲಿ ಇಲಿ ಇರುತ್ತವೆ, ಇಲಿ ಹಿಂದೆ ಹಾವು. ರಾತ್ರಿ ಎದ್ದರೆ ಬ್ಯಾಟರಿ ಮತ್ತು ಶೂ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಲಿ, ಚೇಳು ಇರಬಹುದು.

ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಕೈ ಕಾಲನ್ನು ಅಲುಗದಂತೆ ಕೋಲಿಗೆ ಕಟ್ಟಿ, ನಡೆಸದೆ ಒಯ್ಯಬೇಕು. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿ ಹಿಡಿದು ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ ಹೋಗಲಿ. ಹಾವನ್ನು ಹೊಡೆದು ತರುವ ಅಗತ್ಯವಿಲ್ಲ, ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ ಈ ನಾಲ್ಕಕ್ಕೂ ಒಂದೇ.

ಪ್ರಶ್ನೆ: ಏಪ್ರಿಲ್‌ನಲ್ಲಿ ಗಜೇಂದ್ರಗಡದ ಗುಡ್ಡದ ಮೇಲಿದ್ದಾಗ ಇದ್ದಕ್ಕಿದ್ದಂತೆ ಗುಡುಗು ಶುರುವಾಯಿತು. ಒಂಟಿ ಮರದ ಕೆಳಗೆ ನಿಂತೆವು. ಸರಿ ಮಾಡಿದೆವಾ? (ರೋಣ)

ಇಲ್ಲ. ಬೋಳು ಗುಡ್ಡದ ಮೇಲಿನ ಒಂಟಿ ಮರ ಎಲ್ಲಕ್ಕಿಂತ ಅಪಾಯದ ಜಾಗ. ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ, ಗುಡ್ಡ ಇಳಿಯಿರಿ. ಟೆಂಟ್ ರಕ್ಷಣೆ ಕೊಡುವುದಿಲ್ಲ. ಗಾಜು ಏರಿಸಿದ ಕಾರು, ಬಸ್ಸು, ಪಕ್ಕಾ ಮನೆ ಕೊಡುತ್ತವೆ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಾಯಿರಿ. ಮಾರ್ಚ್‌ನಿಂದ ಮೇವರೆಗೆ ಈ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬರುತ್ತದೆ, ಹಾಗಾಗಿ ಬೆಳಿಗ್ಗೆ ಹತ್ತಿ ಊಟದ ಹೊತ್ತಿಗೆ ಕೆಳಗಿರಿ. ಮೊಬೈಲ್‌ನಲ್ಲಿ ದಾಮಿನಿ ಆ್ಯಪ್ ಹಾಕಿಕೊಂಡರೆ ಸುತ್ತಮುತ್ತ ಸಿಡಿಲಿದೆಯಾ ಅಂತ ತಿಳಿಯುತ್ತದೆ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು ಇಲ್ಲದಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಿ, 108ಕ್ಕೆ ಫೋನ್ ಮಾಡಲು ಪಕ್ಕದವರಿಗೆ ಹೇಳಿ.